ಎಡಗೈ ಎತ್ತಿದವಳನ್ನು ಕೇಳಲಿಲ್ಲ

‘ಟ್ರೈ’ ಎಂಬ ಕ್ರಿಯಾಪದಕ್ಕೆ ನನ್ನ ನಿಘಂಟು ಹನ್ನೊಂದು ಸಾಲು ಕೊಟ್ಟಿತ್ತು. ಕೊನೆಯ ಸಾಲಿನ ಅರ್ಧವನ್ನು ಹುಳ ತಿಂದಿತ್ತು.

ಅರವತ್ತರ ದಶಕದ ಮೊದಲ ವರ್ಷಗಳವು. ಧಾರವಾಡದಲ್ಲಿ ಬಿ.ಎ. ಮುಗಿಸಿ ಹಳಿಯಾಳದ ಕಡೆಯ ಒಂದು ಶಾಲೆಯಲ್ಲಿ ಎಂಟನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಇನ್‌ಸ್ಪೆಕ್ಟರರು ತಪಾಸಣೆಗೆ ಬರುವವರಿದ್ದರು. ಧಾರವಾಡದಲ್ಲಿ ಓದು ಮುಂದುವರಿಸಲು ಸಿಗುವ ಉಚಿತ ವಸತಿಗೆ ನಮ್ಮ ತರಗತಿಯಿಂದ ಒಬ್ಬ ಹುಡುಗಿಯ ಹೆಸರನ್ನು ಅವರು ಬರೆದುಕೊಂಡು ಹೋಗುವುದಿತ್ತು. ಕಾಡಂಚಿನ ಸಿದ್ದಿ ಮನೆತನದ ಹುಡುಗಿಗೆ ಅದು ಸಿಗಬೇಕೆಂದು ನನ್ನ ಆಸೆ. ಅವಳ ತಂದೆ ದಾಂಡೇಲಿಯ ಕಾಗದ ಕಾರ್ಖಾನೆಗೆ ಹೋಗುವ ಬಿದಿರು ಕಡಿಯುತ್ತಿದ್ದ. ವಸತಿ ಸಿಗದಿದ್ದರೆ ಬೇಸಿಗೆಯಿಂದ ಮಗಳೂ ಕೆಲಸಕ್ಕೇ ಎಂದು ತಾಯಿ ನನಗೆ ಹೇಳಿಬಿಟ್ಟಿದ್ದಳು.

ತಪಾಸಣೆಗೆ ನಾನು ಸಿದ್ಧಪಡಿಸಿದ ಪಾಠವೇ ‘ಟ್ರೈ’. ಹಳೆಯ ಫ್ರೆಂಚಿನಲ್ಲಿ ಅದಕ್ಕೆ ಆರಿಸುವುದು, ಬೇರ್ಪಡಿಸುವುದು ಎಂದು ಅರ್ಥ. ಆಮೇಲೆ ಅದು ಕೋರ್ಟಿನ ವಿಚಾರಣೆಗೆ ಹೋಯಿತು, ಪರೀಕ್ಷಿಸುವುದಾಯಿತು. ನಾವು ಮೊದಲು ಕಲಿಯುವ ‘ಪ್ರಯತ್ನಿಸು’ ಎಂಬ ಅರ್ಥ ಅದಕ್ಕೆ ಎಷ್ಟೋ ತಡವಾಗಿ ಬಂದದ್ದು. ಇದನ್ನು ನಾನು ಪಾಠದ ಕೊನೆಗೆ, ಗಂಟೆ ಬಾರಿಸುವ ಮುಂಚೆ, ಸುಮ್ಮನೆ ಹೇಳಿದ್ದೆ.

“ಅಂದ್ರ ನಮ್ಮವ್ವ ಅಕ್ಕಿ ಗಿರಣ್ಯಾಗ ಜರಡಿ ಹಿಡದು ನುಚ್ಚು ಬ್ಯಾರೆ ಮಾಡ್ತಾಳಲ್ರಿ, ಹಂಗ?” ಎಂದಳು ಆ ಹುಡುಗಿ.

ಪಕ್ಕದವಳು ನಕ್ಕಳು. “ನಿಮ್ಮವ್ವ ಇಂಗ್ಲಿಷಿಗೂ ಜರಡಿ ಹಿಡಿತಾಳೇನ?”

“ಹಿಡದಿದ್ರ ನಿನ್ನಂಥ ನುಚ್ಚು ಮೊದಲ ಕೆಳಗ ಬೀಳತಿತ್ತು.”

ತಪಾಸಣೆಯ ಹಿಂದಿನ ಶನಿವಾರ ಹೆಡ್‌ಮಾಸ್ತರರು ತರಗತಿಗೆ ಬಂದು ತಾಲೀಮು ಮಾಡಿಸಿದರು. “ಸಾಹೇಬ್ರು ಏನ ಕೇಳಲಿ, ಎಲ್ಲಾರೂ ಕೈ ಎತ್ತಬೇಕು. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಅಕ್ಕೋರು ಬಲಗೈಯವರನ್ನಷ್ಟ ಕೇಳ್ತಾರ” ಎಂದು ನನ್ನತ್ತ ಕೈ ಮಾಡಿದರು. ಹಿಂದಿನ ತಪಾಸಣೆಗಳೂ ಹೀಗೇ ಸಾಗಿದ್ದವಂತೆ. ನಾನು ಮರುಮಾತಾಡಲಿಲ್ಲ. ಆ ದಿನ ಆ ಹುಡುಗಿ ಜೋಯಿಡಾ ಕಡೆಯ ಅಜ್ಜಿಯನ್ನು ನೋಡಲು ಹೋಗಿದ್ದಳು.

ಸೋಮವಾರ ಎಲ್ಲವೂ ಸರಿಯಾಗಿಯೇ ನಡೆಯಿತು. ‘ಟ್ರೈ’ಗೆ ಸಮಾನಾರ್ಥಕ ಶಬ್ದ ಕೇಳಿದಾಗ ಒಬ್ಬಳು ‘ಅಟೆಂಪ್ಟ್’ ಎಂದಳು, ಅಂಗಡಿಕಾರರ ಮಗಳು ‘ಎಂಡೆವರ್’ ಎಂದಳು. ಇನ್‌ಸ್ಪೆಕ್ಟರರು ತಲೆದೂಗಿದರು. ಬಳಿಕ ಯಾರೂ ಎಣಿಸದ ಪ್ರಶ್ನೆ ಕೇಳಿದರು: ಈ ಶಬ್ದ ಹುಟ್ಟಿದಾಗ ಇದರ ಅರ್ಥ ಏನಿತ್ತು?

ಎಲ್ಲ ಕೈಗಳೂ ಮೇಲೆದ್ದವು, ಎಲ್ಲವೂ ಎಡಗೈ. ಸಿದ್ದಿ ಹುಡುಗಿಯೂ ಅರ್ಧ ಎದ್ದು ನಿಂತು ಎಡಗೈ ಎತ್ತಿದ್ದಳು. ಶಾಲೆಯ ಶಿಸ್ತೆಂದು ಬಲಗೈಯಲ್ಲಿ ಬರೆಯುತ್ತಿದ್ದಳೇ ಹೊರತು ಉಳಿದೆಲ್ಲ ಕೆಲಸಕ್ಕೂ ಅವಳದು ಎಡಗೈಯೇ. ಅದು ನನಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಹೊಳೆಯಲಿಲ್ಲ. “ಅದು ಪಾಠದಾಗಿಲ್ರಿ” ಎಂದು ನಾನೇ ಹೇಳಿ ಮುಗಿಸಿಬಿಟ್ಟೆ. ಇನ್‌ಸ್ಪೆಕ್ಟರರು ಅಂಗಡಿಕಾರರ ಮಗಳ ಹೆಸರು ಬರೆದುಕೊಂಡರು.

ಶಾಲೆ ಬಿಟ್ಟ ಮೇಲೆ ಸಿದ್ದಿ ಹುಡುಗಿ ಗೇಟಿನ ಹತ್ತಿರ ನಿಂತಿದ್ದಳು. “ಅಕ್ಕೋರ, ನನಗ ಯಾಕ ಕೇಳಲಿಲ್ರಿ? ನಾ ಕೈ ಎತ್ತಿದ್ನೆಲ್ಲ.”

“ಎಡಗೈ ಎತ್ತಿದ್ದಿ.”

ಅವಳು ತನ್ನ ಎರಡೂ ಕೈ ನೋಡಿಕೊಂಡಳು. “ಯಾವುದಾದ್ರ ಏನ್ರಿ?”

ನಾನು ಹೆಡ್‌ಮಾಸ್ತರರ ಖೋಲಿಗೆ ಹೋಗಿ ನಡೆದದ್ದು ಹೇಳಿದೆ. ಅವರು ಕೊಡೆ ಹಿಡಿದು ಹೊರಟಿದ್ದರು. “ಸುಮ್ಮನಿರ್ರಿ, ಅಕ್ಕೋರ. ಸಾಹೇಬ್ರು ಖುಷಿಯಾಗಿ ಹೋಗ್ಯಾರ. ನಿಮ್ಮ ನೌಕರಿ ಇನ್ನೂ ಕಾಯಂ ಆಗಿಲ್ಲ, ನೆನಪೈತಿಲ್ಲೋ?”

ಆ ಸಂಜೆ ಕೂತಲ್ಲಿ ಕೂರಲಾಗಲಿಲ್ಲ. ಸ್ಟೋವ್ ಹಚ್ಚಿ ಆರಿಸಿದೆ. ಪೇಟೆಗೆ ಹೋಗಿ ಏನೂ ಕೊಳ್ಳದೆ ಬಂದೆ. ಮರಳಿ ನಿಘಂಟು ತೆಗೆದೆ. ‘ಅಟೆಂಪ್ಟ್’ನಲ್ಲಿ ಸೋಲಿನ ವಾಸನೆಯಿದೆ ಎಂದು ಮಕ್ಕಳಿಗೆ ವಿವರಿಸಿದ್ದೆ. ‘ಎಂಡೆವರ್’ನ ಒಳಗೆ ಕರ್ತವ್ಯ ಎಂಬ ಶಬ್ದ ಅಡಗಿದೆ ಎಂದಿದ್ದೆ. ‘ಸ್ಟ್ರೈವ್’ ಮೂಲದಲ್ಲಿ ಜಗಳವಾಡುವುದು. ಇಷ್ಟನ್ನೆಲ್ಲ ಎಷ್ಟು ಅಚ್ಚುಕಟ್ಟಾಗಿ ಹೇಳಿದ್ದೆ. ಇವುಗಳಲ್ಲಿ ಒಂದನ್ನೂ ನಾನು ಮಾಡಿರಲಿಲ್ಲ. ನೌಕರಿ ಹೋದರೆ ತಂದೆಗೆ ಬರೆಯಬೇಕಾದ ಪತ್ರದ ಮೊದಲ ವಾಕ್ಯವನ್ನು ನಾಲ್ಕು ಸಲ ತಿದ್ದಿ ಹರಿದು ಹಾಕಿದೆ.

ಮರುದಿನ ಬೆಳಿಗ್ಗೆ ಆರಕ್ಕೆ ಅವಳ ಮನೆಗೆ ಹೋದೆ. ತಾಯಿಯನ್ನು ಕೇಳಿ ಅವಳನ್ನು ಕರೆದುಕೊಂಡು ಇನ್‌ಸ್ಪೆಕ್ಟರರು ಇಳಿದಿದ್ದ ಬಂಗಲೆಗೆ ನಡೆದೆ. ಅವರು ವರಾಂಡದಲ್ಲಿ ಚಹಾ ಕುಡಿಯುತ್ತಿದ್ದರು; ಜವಾನ ಅವರ ಟ್ರಂಕನ್ನು ಜೀಪಿಗೆ ಏರಿಸುತ್ತಿದ್ದ. ಬಲಗೈ ಎಡಗೈಯ ಕಟ್ಟಳೆಯನ್ನು ಮೊದಲಿನಿಂದ ಹೇಳಿದೆ, ಅದಕ್ಕೆ ನಾನೂ ಒಪ್ಪಿದ್ದೆನೆಂದೂ ಹೇಳಿದೆ.

“ಹೆಸರು ಬರದಾಗೈತೆಲ್ರಿ” ಎಂದರು ಇನ್‌ಸ್ಪೆಕ್ಟರರು.

“ಅದನ್ನ ಅಳಸ್ರಿ ಅಂತ ಕೇಳಾಕ ಬಂದಿಲ್ರಿ. ನಿನ್ನಿನ ಪ್ರಶ್ನಿ ಈಕಿಗೊಮ್ಮೆ ಕೇಳ್ರಿ, ಅಷ್ಟ ಸಾಕು.”

ಅವರು ಕಪ್ಪು ಕೆಳಗಿಟ್ಟು ಅವಳ ಕಡೆ ತಿರುಗಿದರು. ಉತ್ತರಕ್ಕಾಗಿ ಅವಳು ನನ್ನ ಮುಖ ನೋಡಬಾರದೆಂದು ನಾನು ಮೆಟ್ಟಿಲಿಳಿದು ಅಂಗಳಕ್ಕೆ ಹೋಗಿ, ರಸ್ತೆಯ ಕಡೆ ಮುಖ ಮಾಡಿ ನಿಂತೆ.