ಅಡ್ಡಬ್ಯಾಗಿನಲ್ಲಿ ಎರಡು ಅಳತೆ ಕುಬಸ

ಎದೆಯ ಮೇಲೆ ಅಡ್ಡ ಹಾಕಿಕೊಳ್ಳುವ ಚೀಲಕ್ಕೆ ಈಗ ಮೆಸೆಂಜರ್ ಬ್ಯಾಗ್ ಅನ್ನುತ್ತಾರಂತೆ. ಮೊಮ್ಮಗಳು ತನ್ನದನ್ನು ತೋರಿಸಿ ಹಾಗೆ ಹೇಳಿದಾಗ ನನಗೆ ನಗು ಬಂತು. ಅಂಥದೊಂದು ಬ್ಯಾಗು ಹಾಕಿಕೊಂಡು, ಎಂಬತ್ತರ ದಶಕದಲ್ಲಿ, ನಾನು ಇಡೀ ಊರಿಗೆ ಮೆಸೆಂಜರ್ ಆಗಿದ್ದೆ. ಸೀರೆ ಉಟ್ಟುಕೊಂಡು, ಲೇಡೀಸ್ ಸೈಕಲ್ ಮೇಲೆ.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಣ್ಣಿಗೇರಿ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದೆ. ಮರುವರ್ಷ ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ನಮ್ಮೂರಿಗೆ ಬಸ್ಸು ಬರುತ್ತಿದ್ದದ್ದೇ ಹನ್ನೊಂದು ಗಂಟೆಗೆ. ಅಷ್ಟರಲ್ಲಿ ಶಾಲೆಯಲ್ಲಿ ಪ್ರೇಯರ್ ಮುಗಿದು ಫಸ್ಟ್ ಪೀರಿಯಡ್ಡೂ ಮುಗಿದಿರುತ್ತಿತ್ತು. ಹುಡುಗಿಯಾಗಿದ್ದಾಗ ನಾನು ಹೊಡೆಯುತ್ತಿದ್ದ ಸೈಕಲ್ಲನ್ನೇ ನನ್ನ ತಂದೆ ರಿಪೇರಿ ಮಾಡಿಸಿ ಕಳಿಸಿಕೊಟ್ಟರು. ಸೈಕಲ್ ಇದ್ದರೆ ಕೆಲಸ, ಸೈಕಲ್ ಇಲ್ಲದಿದ್ದರೆ ಮನೆ. ಲೆಕ್ಕ ಅಷ್ಟೇ ಸಿಂಪಲ್.

ಬ್ಯಾಗನ್ನು ನಾನೇ ಹೊಲಿದೆ. ಮಾವನವರು ನವಲಗುಂದದಿಂದ ತಂದಿದ್ದ ಜಮಖಾನೆಯನ್ನು ಇಲಿ ಕಡಿದಿತ್ತು. ಚೆನ್ನಾಗಿ ಉಳಿದ ತುಂಡನ್ನು ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ಉದ್ದನೆಯ ಪಟ್ಟಿ ಹಚ್ಚಿದೆ. ಜಮಖಾನೆಯ ನವಿಲಿನಲ್ಲಿ ಕೊಕ್ಕು ಮತ್ತು ಎದೆ ಮಾತ್ರ ಬ್ಯಾಗಿಗೆ ಬಂತು. ಮೊದಲ ದಿನ ಅದನ್ನು ಅಡ್ಡ ಹಾಕಿಕೊಂಡು ಅಂಗಳಕ್ಕೆ ಇಳಿದಾಗ ಅತ್ತೆ ಕಟ್ಟೆಯ ಮೇಲೆ ಕೂತು ಮೇಲಿಂದ ಕೆಳಗೆ ನೋಡಿದರು.

"ಲಿಂಗವಂತರ ಮನ್ಯಾಗ ಜನಿವಾರ ಹಾಕ್ಕೊಂಡಾಕಿ ನೀನ ಮೊದಲನೇದಾಕಿ ನೋಡವಾ."

ನಾನು ನಕ್ಕೆ. ಅವರು ನಗಲಿಲ್ಲ.

"ಸೈಕಲ್ ಹೊಡಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆ ಸೈಕಲ್ಲಿನ ಸಲುವಾಗಿ ಯಾರರ ನನ್ನ ಬಾಗಲಾಗ ನಿಂತು ಒಂದ ಮಾತ ಅಂದ್ರ, ಅವತ್ತ ಅದು ನಿಮ್ಮಪ್ಪನ ಮನಿಗೆ ವಾಪಸ್."

ಯಾರೂ ಏನೂ ಅನ್ನಲಿಲ್ಲ. ಅನ್ನುವುದಿರಲಿ, ತಿಂಗಳೊಳಗೆ ನನ್ನ ಸೈಕಲ್ಲಿಗಾಗಿ ಕಾಯತೊಡಗಿದರು. ಟೀಚರ್ ಆದದ್ದಕ್ಕೆ ಎಲ್ಲರೂ ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದರು. "ಅಕ್ಕಾರ, ಈ ಟಪಾಲ ಡಬ್ಬಿಗೆ ಹಾಕ್ರಿ." "ಅಕ್ಕಾರ, ರೇಡಿಯೋಕ್ಕ ಸೆಲ್ ತರ್ರಿ." ಚಾಳೀಸು ಕನ್ನಡಕದ ಮುರಿದ ಕಾಲು, ಕೆಮ್ಮಿನ ಔಷಧದ ಖಾಲಿ ಬಾಟಲಿ, ಮಿಕ್ಕ ಹತ್ತು ಸಣ್ಣಪುಟ್ಟ ಸಾಮಾನು, ಎಲ್ಲ ನವಿಲಿನ ಹೊಟ್ಟೆಗೆ. ಸಂಜೆ ಶಾಲೆ ಬಿಟ್ಟ ಮೇಲೆ ಅಣ್ಣಿಗೇರಿಯ ಬಜಾರದಲ್ಲಿ ಒಂದೊಂದೇ ಅಂಗಡಿಯ ಮುಂದೆ ಕಾಲೂರಿ ನಿಲ್ಲುವುದು, ಸೀಟಿನಿಂದ ಇಳಿಯದೆ ಕೈ ಚಾಚಿ ಸಾಮಾನು ಇಸಿದುಕೊಳ್ಳುವುದು. ಆಗಿನ ಆ ಖುಷಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಓಡಾಡುವ ಈಗಿನ ದಿನಗಳಲ್ಲಿ ನನಗೆ ಸಿಕ್ಕಿಲ್ಲ.

ಹೆಚ್ಚಾಗಿ ಬರುತ್ತಿದ್ದದ್ದು ಹೆಂಗಸರ ಕುಬಸದ, ಅಂದರೆ ರವಿಕೆಯ, ಬಟ್ಟೆ. ಟೇಲರ್ ಇದ್ದದ್ದು ಅಣ್ಣಿಗೇರಿಯಲ್ಲಿ, ಅಳತೆ ಕೊಡಲು ಅಷ್ಟು ದೂರ ಯಾರು ಹೋಗುತ್ತಾರೆ? ಹೊಸ ಬಟ್ಟೆಯೊಳಗೆ ಸರಿಯಾಗಿ ಕೂಡುವ ಹಳೆಯ ಕುಬಸವೊಂದನ್ನು ಅಳತೆಗೆಂದು ಇಟ್ಟು, ಗಂಟು ಕಟ್ಟಿ ನನ್ನ ಕೈಗೆ ಕೊಡುವುದು. ಟೇಲರ್ ಕಾಕಾ ಟೇಪು ಹಿಡಿಯುತ್ತಿದ್ದದ್ದು ಆ ಹಳೆಯದಕ್ಕೆ.

ಒಂದು ಮಳೆಗಾಲ ಬಾಜುಮನೆಯ ಕಾಕಿ ಎರಡು ಗಂಟು ಕೊಟ್ಟಳು. ಕಾಕಿ ಎತ್ತರದ, ಭಾರಿ ಮೈಯ ಹೆಂಗಸು. ಅವಳ ಸೊಸೆ ಅವಳ ಅರ್ಧ. ಸೊಸೆಗೆ ಏಳು ತಿಂಗಳಾಗಿತ್ತು. ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಕುಬಸ ಕೊಟ್ಟು ಉಡಿ ತುಂಬುವ ಕಾರ್ಯಕ್ಕೆ ನಮ್ಮಲ್ಲಿ ಕುಬಸ ಅಂತಲೇ ಹೆಸರು. ತವರಿನವರು ಹೊಲಿಸಲೆಂದು ಹಸಿರು ಖಣದ ಬಟ್ಟೆಯನ್ನು ಮೊದಲೇ ಕಳಿಸಿದ್ದರು. ಬೀಗರ ಮುಂದೆ ತಾನೂ ಹೊಸದು ಹಾಕಿಕೊಳ್ಳಬೇಕೆಂದು ಕಾಕಿ ಕೆಂಪು ಖಣ ತೆಗೆದಿದ್ದಳು.

ದಾರಿಯ ಕಪ್ಪು ಎರಿ ಮಣ್ಣು ಒಂದು ಮಳೆ ಬಿದ್ದರೆ ಸಾಕು, ಸೈಕಲ್ಲಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕಣಕದಂತೆ ತುಂಬಿಕೊಂಡು ಬಿಡುತ್ತದೆ. ಅದನ್ನು ಕೆರೆಯಲು ನಾನು ಶಾಲೆಯ ಒಂದು ಮರದ ಫುಟ್‌ಪಟ್ಟಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಆ ದಿನ ಕೆರೆಯಲು ಇಳಿದವಳು ಜಾರಿ ಕೂತೇ ಬಿಟ್ಟೆ. ಬ್ಯಾಗಿನೊಳಗಿನದೆಲ್ಲ ಹೊರಗೆ. ಗಂಟುಗಳು ಬಿಚ್ಚಿ ನಾಲ್ಕೂ ಬಟ್ಟೆ ದಾರಿ ಬದಿಯ ಹುಲ್ಲಿನ ಮೇಲೆ ಬಿದ್ದಿದ್ದವು: ಹೊಸ ಹಸಿರು ಖಣ, ಹೊಸ ಕೆಂಪು ಖಣ, ಒಂದು ಹಳೆಯ ಹಸಿರು ಕುಬಸ, ಒಂದು ಹಳೆಯ ಕೆಂಪು ಕುಬಸ.

ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ ಸಿಸ್ಟರ್ ನಮ್ಮ ತಲೆಗೆ ತುಂಬಿದ್ದು ಒಂದೇ: ಮ್ಯಾಚಿಂಗ್. ಹಸಿರಿಗೆ ಹಸಿರು ದಾರ, ಕೆಂಪಿಗೆ ಕೆಂಪು ಗುಂಡಿ. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಹಸಿರು ಖಣದೊಳಗೆ ಹಸಿರು ಕುಬಸ, ಕೆಂಪಿನೊಳಗೆ ಕೆಂಪು ಇಟ್ಟು ನೀಟಾಗಿ ಕಟ್ಟಿ, ಟೇಲರ್ ಕಾಕಾನಿಗೆ ಕೊಟ್ಟು, ಪಂಕ್ಚುವಲ್ ಆಗಿ ಶಾಲೆ ಸೇರಿದೆ.

ಶನಿವಾರ ಹೊಲಿದ ಕುಬಸಗಳನ್ನು ತಂದೆ. ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಕಾರ್ಯ. ಕಾಕಿ ನನ್ನನ್ನು ಕೂರಿಸಿಕೊಂಡೇ ಕೆಂಪು ಕುಬಸಕ್ಕೆ ಕೈ ತೂರಿಸಿದಳು. ತೋಳು ಮೊಣಕೈ ದಾಟಲಿಲ್ಲ.

"ಇದೇನವಾ, ಗೊಂಬಿಗೆ ಹೊಲಿಸಿಕೊಂಡ ಬಂದಿ?"

ನಾನು ಕೆಂಪು ತೋಳನ್ನು ನೋಡಿದೆ, ಆಮೇಲೆ ಪಕ್ಕದಲ್ಲಿದ್ದ ಅಳತೆ ಕುಬಸಗಳನ್ನು ನೋಡಿದೆ. ಹಳೆಯ ಹಸಿರು ಕಾಕಿಯದು. ಹಳೆಯ ಕೆಂಪು ಸೊಸೆಯದು. ಓ ಗಾಡ್, ಅನ್ನಿಸಿತು. ಸೊಸೆಯ ಹೊಸ ಹಸಿರು ಕುಬಸ ಕಾಕಿಯ ಅಳತೆಗೆ ಆಗಿತ್ತು.

ಸೊಸೆ ಅದನ್ನು ಎತ್ತಿಕೊಂಡು ಒಳಗೆ ಹೋಗಿ ಹಾಕಿಕೊಂಡು ಬಂದಳು. ಭುಜದಲ್ಲಿ ಇಳಿಬಿದ್ದಿತ್ತು, ತೋಳು ದೊಗಳೆ. "ಬಿಚ್ಚ, ನಾ ಟಾಕಿ ಹಾಕಿ ಸಣ್ಣದ ಮಾಡತೀನಿ," ಎಂದಳು ಕಾಕಿ.

ಸೊಸೆ ಎರಡೂ ಕೈ ಎದೆಗೆ ಅಡ್ಡ ಇಟ್ಟುಕೊಂಡಳು. "ಬ್ಯಾಡ್ರಿ ಅತ್ತಿ. ಇದನ್ನ ಮುಟ್ಟಬ್ಯಾಡ್ರಿ. ಮದವಿ ಕುಬಸದಾಗ ನನಗ ಉಸರ ಹಿಡದಿತ್ತು. ಎರಡ ತಿಂಗಳಾತು, ಇವತ್ತ ಆರಾಮ ಕುಂತೇನಿ."

ಆ ಹುಡುಗಿ ಎರಡು ತಿಂಗಳಿಂದ ಬಿಗಿದ ಬಟ್ಟೆಯಲ್ಲಿ ಇದ್ದಳು, ಯಾರಿಗೂ ಹೇಳಿರಲಿಲ್ಲ. ಹೊಸ ಕುಬಸ ತವರಿನಿಂದ ಬರಬೇಕಲ್ಲ, ಬರುವ ತನಕ ತಡೆದುಕೊಂಡಿದ್ದಳು. ಕಾಕಿ ಆ ಕುಬಸವನ್ನು ಹಾಗೇ ಬಿಟ್ಟಳು. ಆದರೆ ತನ್ನ ಕುಬಸದ ವಿಷಯ ಬಿಡಲಿಲ್ಲ. ಕೆಂಪು ಕುಬಸ ಹಿಡಿದುಕೊಂಡು ನೆಟ್ಟಗೆ ನಮ್ಮ ಮನೆಗೆ ನಡೆದಳು. ನಾನು ಹಿಂದೆ ಹಿಂದೆ.

ಅತ್ತೆ ಪಡಸಾಲೆಯಲ್ಲಿ ಹೆಸರುಕಾಳು ಆರಿಸುತ್ತಿದ್ದರು. ಕಾಕಿ ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತಳು. ಅತ್ತೆ ಹೇಳಿದ್ದ ಬಾಗಿಲು ಅದೇ.

"ಯಕ್ಕಾ, ನಿನ್ನ ಇಂಗ್ಲೀಷ ಸೊಸಿ ಏನ ಮಾಡ್ಯಾಳ ನೋಡ! ನಾಳೆ ಬೀಗರ ಮುಂದ ನಾ ಏನ ಹಾಕ್ಕೊಳ್ಳಿ? ಈಕಿ ಜಮಖಾನಿ ಬ್ಯಾಗ?"

ಅತ್ತೆ ಕುಬಸವನ್ನು ಇಸಿದುಕೊಂಡು ಗೇಣು ಹಾಕಿ ನೋಡಿದರು. ನನ್ನನ್ನು ಕೇಳಿದರು. ನಾನು ಬಿದ್ದದ್ದು, ಬಣ್ಣ ನೋಡಿ ಕಟ್ಟಿದ್ದು, ಒಂದನ್ನೂ ಬಿಡದೆ ಹೇಳಿದೆ.

"ಬಣ್ಣ ನೋಡಿ ಅಳತಿ ತಿಳೀತದೇನು?"

"ಇಲ್ರಿ."

"ಹದಿನಾರು ವರ್ಷ ಸಾಲಿ ಕಲತೀಯಲ್ಲ?"

"ಹೌದ್ರಿ."

ಅತ್ತೆ ಗೋಡೆಗೆ ಒರಗಿಸಿದ್ದ ಸೈಕಲ್ ಕಡೆ ನೋಡಿದರು. ಮಾತಿಗೆ ತಪ್ಪುವ ಹೆಂಗಸಲ್ಲ ಆಕೆ. ಸೋಮವಾರ ಹೆಡ್‌ಮಾಸ್ಟರಿಗೆ ಕೊಡುವ ರೆಸಿಗ್ನೇಶನ್ ಲೆಟರನ್ನು ನಾನು ಮನಸ್ಸಿನಲ್ಲೇ ಬರೆಯತೊಡಗಿದ್ದೆ.

"ನಾಳೆ ಬಸ್ ಎಷ್ಟಕ್ಕ?" ಎಂದರು ಅತ್ತೆ.

"ಹನ್ನೊಂದಕ್ಕ್ರಿ."

"ಅದು ಹೋಗಿ, ಹೊಳ್ಳಿ ಬರೂದರಾಗ ಬೀಗರು ಉಂಡ ಎದ್ದಿರತಾರ." ಹೆಸರುಕಾಳಿನೊಳಗೆ ಮತ್ತೆ ಕೈಯಾಡಿಸಿದರು. "ಸೈಕಲ್ ನಿಮ್ಮಪ್ಪನ ಮನಿಗೆ ಹೋಗೂದಾದ್ರ ನಾಳೆ ಮಧ್ಯಾಹ್ನದ ಮ್ಯಾಲ ಹೋಗ್ಲಿ. ಮುಂಜಾನೆ ಅಣ್ಣಿಗೇರಿಗೆ ಹೋಗಬೇಕು."

ಬೆಳಕು ಹರಿಯುತ್ತಲೇ ಹೊರಟೆ. ಟೇಲರ್ ಕಾಕಾನ ಮನೆ ಅಂಗಡಿಯ ಹಿಂದೆಯೇ. ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಬಂದ ಆತ ಕುಬಸ ನೋಡಿ ಹಣೆ ಚಚ್ಚಿಕೊಂಡ. "ಹಸರ ಹೊಲಿಯೂ ಮುಂದ ನನಗ ಅನುಮಾನ ಬಂದಿತ್ರಿ, ಬಸರಿ ಹೆಣಮಗಳು ಇಷ್ಟ ದಪ್ಪ ಹ್ಯಾಂಗ ಆದ್ಲು ಅಂತ. ಅಕ್ಕಾರ ಕಟ್ಟಿ ಕೊಟ್ಟಾರ, ತಪ್ಪ ಇರಂಗಿಲ್ಲ ಅಂತ ಸುಮ್ನಾದೆ." ಸಣ್ಣ ಅಳತೆಗೆ ಕತ್ತರಿಸಿದ್ದರಿಂದ ಕೆಂಪು ಬಟ್ಟೆ ಬಹಳ ಉಳಿದಿತ್ತು. ಬಗಲು, ತೋಳು, ಬೆನ್ನು ಬಿಚ್ಚಿ ಅಲ್ಲೆಲ್ಲ ಪಟ್ಟಿ ಕೂಡಿಸಿದ. ಮಶೀನಿನ ಪಕ್ಕದಲ್ಲಿ ನಿಂತು ನಾನು ನಿಮಿಷಕ್ಕೊಮ್ಮೆ ವಾಚು ನೋಡಿದೆ.

ಹೊಳ್ಳುವಾಗ ಮತ್ತೆ ಹನಿ. ಬ್ಯಾಗನ್ನು ಸೆರಗಿನೊಳಗೆ ಸೇರಿಸಿಕೊಂಡೆ. ಊರು ಕಾಣುವಷ್ಟರಲ್ಲಿ ಗಾಲಿ ಪೂರ್ತಿ ನಿಂತಿತು; ಫುಟ್‌ಪಟ್ಟಿ ಮುರಿಯಿತು. ಉಳಿದ ದಾರಿ ಸೈಕಲ್ಲನ್ನು ಎತ್ತಿಕೊಂಡೇ ನಡೆದೆ. ಕಾಕಿಯ ಅಂಗಳ ಮುಟ್ಟಿದಾಗ ಹನ್ನೊಂದೂವರೆ.

ಕಾರ್ಯ ಚಂದವಾಯಿತು. ಹಸಿರು ದೊಗಳೆ ಕುಬಸದಲ್ಲಿ ಸೊಸೆ ಮಣೆಯ ಮೇಲೆ ರಾಣಿಯಂತೆ ಕೂತಿದ್ದಳು. ಆರತಿ ಎತ್ತುವಾಗ ಕಾಕಿಯ ಬಗಲಿನ ಪಟ್ಟಿ ಕಂಡು ಬೀಗತಿ ಕೇಳಿದಳು, "ಇದೇನ್ರಿ, ಹೊಸಾ ನಮೂನಿ?"

"ಹುಬ್ಬಳ್ಳಿ ಫ್ಯಾಶನ್ರಿ," ಎಂದಳು ಕಾಕಿ. ನನ್ನ ಕಡೆ ತಿರುಗಿ ಕಣ್ಣು ಕೆಕ್ಕರಿಸಿದಳು, ತುಟಿಯಲ್ಲಿ ಮಾತ್ರ ನಗು.

ಊಟವಾದ ಮೇಲೆ ನಾನು ಅಂಗಳದಲ್ಲಿ ಸೈಕಲ್ ತೊಳೆಯಲು ಕೂತೆ. ಅತ್ತೆ ಎಲೆಯಡಿಕೆ ಹಾಕಿಕೊಂಡು ಬಂದು ನಿಂತರು.

"ಯಾಕ ಅಷ್ಟ ತಿಕ್ಕಲಿಕ್ಕೆ ಹತ್ತೀ?"

"ವಾಪಸ್ ಕಳಸೂದಾದ್ರ ಸ್ವಚ್ಛ ಇರ್ಲಿ ಅಂತ್ರಿ."

ಅತ್ತೆ ಅಂಗಳದ ಮೂಲೆಗೆ ಎಲೆ ಉಗಿದರು. "ನಾಳೆ ಸೋಮವಾರ. ನಿನ್ನ ಸಾಲಿ ಏನ ನಿಮ್ಮಪ್ಪ ನಡಸತಾನೇನು?" ಆಮೇಲೆ ಒಳಗೆ ಹೋಗುತ್ತ, ತಿರುಗಿ ನೋಡದೆ ಅಂದರು: "ಇನ್ನ ಮ್ಯಾಲ ಬ್ಯಾಗ ನಾ ತುಂಬತೀನಿ. ನೀ ಬರೇ ತುಳಿ."

ಮರುದಿನದಿಂದ ಊರ ಹೆಂಗಸರು ನನ್ನ ಕೈಗೆ ಏನನ್ನೂ ಕೊಡಲಿಲ್ಲ. ಬೆಳಿಗ್ಗೆ ಕಟ್ಟೆಯ ಮೇಲೆ ಕೂತ ಅತ್ತೆಯ ಮುಂದೆ ತಮ್ಮ ಸಾಮಾನು ಇಡುತ್ತಿದ್ದರು. ಅವರು ಒಬ್ಬೊಬ್ಬರದಕ್ಕೂ ಬೇರೆ ಬೇರೆ ನಮೂನೆಯ ಗಂಟು ಹಾಕಿ, ಬ್ಯಾಗಿಗೆ ಇಳಿಸಿ, ಪಟ್ಟಿಯನ್ನು ತಾವೇ ನನ್ನ ಕೊರಳಿಗೆ ಅಡ್ಡ ಹಾಕಿ, ಹೊತ್ತಾತು ನಡಿ ಎಂದು ಬೆನ್ನು ದೂಡುತ್ತಿದ್ದರು.