ಮಣ್ಣುಮಾವನ ಕಾವಲು

ಕಟ್ಟಡದ ಕೆಲಸದವರೆಲ್ಲ ಸೇರಿ ತಮ್ಮ ಮೇಸ್ತ್ರಿಗೆ ಇಟ್ಟಿರುವ ಹೆಸರು ಮಣ್ಣುಮಾವ. ಮೋಡ ಕವಿದೊಡನೆ ಉಳಿದವರು ಸಿಮೆಂಟ್ ಚೀಲ ಎತ್ತಿಡಲು ಓಡಿದರೆ, ಈತ ಅಗೆದು ಹಾಕಿದ ಮಣ್ಣಿನ ಗುಡ್ಡೆಗೆ ಟಾರ್ಪಾಲು ಹೊದಿಸಲು ಓಡುತ್ತಾನೆ. ಅದು ಸಾಲದಿದ್ದರೆ ತನ್ನ ಕೊಡೆಯನ್ನೇ ಗುಡ್ಡೆಗೆ ಹಿಡಿದು ತಾನು ತೊಪ್ಪೆಯಾಗುತ್ತಾನೆ. ಇಳಿಜಾರಿನ ಅಂಚಿಗೆ ಹುಲ್ಲಿನ ಕಂತೆ ಜೋಡಿಸಿ, ಬಟ್ಟೆಯ ಬೇಲಿ ಬಿಗಿದು, "ನೀರು ಬೇಕಾದ್ರೆ ಹೋಗ್ಲಿ, ಮಣ್ಣು ಇಲ್ಲೇ ಬಿದ್ದಿರ್ಲಿ" ಎಂದು ಕಾವಲು ಕೂರುತ್ತಾನೆ. ಚಕ್ರ ತೊಳೆಯದ ಲಾರಿ ಗೇಟು ದಾಟುವಂತಿಲ್ಲ. "ಮಾವ, ನಿಮ್ಮ ಮಣ್ಣೇನು ಚಿನ್ನಾನಾ?" ಎಂದು ಡ್ರೈವರ್ ಕಿಚಾಯಿಸಿದರೆ, "ಚಿನ್ನ ಕಳೆದ್ರೆ ಪೊಲೀಸ್ರು ಹುಡುಕ್ತಾರೆ, ಮಣ್ಣನ್ನ ಯಾರಪ್ಪಾ ಹುಡುಕ್ತಾರೆ?" ಎನ್ನುತ್ತಾನೆ. ಸಂಜೆ ಮನೆಯ ಬಾಗಿಲಲ್ಲಿ ಹೆಂಡತಿ ನೀರಿನ ಪೈಪು ಹಿಡಿದು ನಿಂತಿರುತ್ತಾಳೆ: "ನಿಮ್ಮ ಚಕ್ರ ತೊಳ್ಕೊಂಡು ಒಳಗೆ ಬನ್ನಿ!" ಬೂಟಿನಿಂದ ಅರ್ಧ ಸೈಟೇ ಇಳಿಯುತ್ತದೆ. ರಜೆಯ ದಿನ ಮಾತ್ರ ಮಣ್ಣುಮಾವ ಸೈಟಿನ ಕೆಳಗಿರುವ ಕೆರೆಯ ದಡದಲ್ಲಿ ಕೂರುತ್ತಾನೆ. ಸೈಟಿನ ಮಳೆನೀರೆಲ್ಲ ಹರಿದು ಸೇರುವುದು ಅಲ್ಲಿಗೇ. ಮೊಮ್ಮಗಳು ಅಜ್ಜಿಯಿಂದ ಈಜು ಕಲಿಯುವುದೂ ಅಲ್ಲೇ. ಈತನಿಗೆ ಈಜು ಬರುವುದಿಲ್ಲ. ತಿಳಿನೀರಿನೊಳಗೆ ಆ ಪುಟ್ಟ ಪಾದಗಳು ಕಾಣುತ್ತಿರುವಷ್ಟು ಹೊತ್ತು ಮಾತ್ರ ಈತ ಉಸಿರಾಡುತ್ತಾನೆ.