ಶಾಹೀನ್ ಆಪಾ ನೋಡಿದ ಕಿಟಕಿ

ಯಾರ ಹೊಸ ಮನೆಗೆ ಬಂದರೂ ಶಾಹೀನ್ ಆಪಾ "ಚೆನ್ನಾಗಿದೆ" ಎನ್ನುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಹಾಲ್‌ನ ನಡುವೆ ನಿಂತು, "ಮಧ್ಯಾಹ್ನ ಇಲ್ಲಿ ಯಾರು ಕುಂದ್ರತೀರಿ?" ಎಂದು ಕೇಳುತ್ತಿದ್ದರು. ನಮ್ಮ ಕನ್ನಡದವರ ಗೃಹಪ್ರವೇಶಗಳಲ್ಲಿ ಪುರೋಹಿತರಿಗಿಂತ ಆಪಾಗೆ ಹೆದರುವವರೇ ಹೆಚ್ಚು. ನಾನಂತೂ ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್‌ನಲ್ಲಿ ಮನೆ ಕೊಂಡು ಬಹಳ ದಿನ ಅವರನ್ನು ಕರೆಯಲೇ ಇಲ್ಲ.

ಸ್ಯಾನ್ ಮಟಿಯೋದಲ್ಲಿ ಆರ್ಕಿಟೆಕ್ಟ್ ಆಗಿದ್ದ ಅವರು ನನ್ನಂತೆಯೇ ರಾಯಚೂರು ಕಡೆಯವರು. "ನಾ ಓದೋ ಮುಂದ ನಮ್ಮ ಕಡೆ ಆ ಕಾಲೇಜೇ ಇದ್ದಿಲ್ಲ ತಮ್ಮಾ. ಬೆಂಗಳೂರಿಗೆ ಹೋದೆ. ಮಾಸ್ತರು ಮಳಿ ಬಗ್ಗೆ ಹೇಳಿದ್ರು, ಗಾಳಿ ಬಗ್ಗೆ ಹೇಳಿದ್ರು. ನಮ್ಮ ಬಿಸಿಲು ಅವ್ರು ಕಂಡಿದ್ದಿಲ್ಲ" ಎನ್ನುತ್ತಿದ್ದರು. ಜೊತೆಗೆ ಓದಿದವರು ಬೆಂಗಳೂರಲ್ಲೇ ಉಳಿದರು. ಇವರು ಇನ್ನೂ ದೂರ ಬಂದರು. ಅದನ್ನು ಹೇಳುವಾಗ ನಗುತ್ತಿದ್ದರು, ಪೂರ್ತಿ ನಗುವಲ್ಲ.

ಊರಲ್ಲಿ ತಂಗಿ ಸುಮಾ ಮನೆ ಕಟ್ಟಿಸುತ್ತಿದ್ದಳು. ಅಲ್ಲಿ ನಕ್ಷೆಯೆಂದರೆ ಗೌಂಡಿ ನೆಲದ ಮೇಲೆ ಕೋಲಿನಿಂದ ಗೀರಿದ್ದೇ. ಚಿಂತೆಯಿಲ್ಲದೆ ನನಗೆ ಊಟ ಸೇರುವುದಿಲ್ಲ. ಕೊನೆಗೆ ಒಂದು ಶನಿವಾರ ಸಂಜೆ ಆಪಾರನ್ನು ಮನೆಗೆ ಕರೆದು, ಸುಮಾಗೆ ವಿಡಿಯೋ ಕಾಲ್ ಹಚ್ಚಿದೆ. ಅಲ್ಲಿ ಬೆಳಗಾಗಿತ್ತು. ಪಡುವಣ ಗೋಡೆಯಲ್ಲಿ ಲಾರಿ ಹೋಗುವಷ್ಟು ದೊಡ್ಡ ಬಾಯಿ ಕಂಡಿತು.

"ಇದೇನವ್ವ?" ಎಂದರು ಆಪಾ.

"ಗಾಜು ಹಾಕಸ್ತೀವ್ರಿ. ಅಣ್ಣ ಕಳಿಸಿದ ಅವನ ಮನಿ ಫೋಟೋ ಗೌಂಡಿಗೆ ತೋರ್ಸೀನಿ, ಹಂಗ ಬೇಕಂತ."

ನಾನು ಮೆಲ್ಲಗೆ ನಮ್ಮ ದೊಡ್ಡ ಗಾಜಿನ ಕಿಟಕಿಗೆ ಅಡ್ಡ ನಿಂತೆ.

"ಬ್ಯಾಸಿಗ್ಯಾಗ ಮಕ್ಕಳು ಒಲ್ಯಾಗ ಕುಂತಂಗ ಆಗ್ತದ, ತಂಗಿ."

"ಅಣ್ಣ ಕುಂತಿಲ್ಲೇನ್ರಿ?"

ಆಪಾ ನನ್ನ ಫೋನು ಕಸಿದು ನಮ್ಮ ಕಿಟಕಿಯತ್ತ ಹಿಡಿದರು. ದಪ್ಪ ಪರದೆ, ಅದನ್ನು ಸರಿಸಿದರೆ ಬಿಸಿಲಿಗೆ ಹೆದರಿ ನಾನೇ ಅಂಟಿಸಿದ್ದ ರಟ್ಟು. "ಹೇಳು ತಮ್ಮಾ, ಇದನ್ನ ಕಡೀಗೆ ಎಂದು ತಗದಿದ್ದಿ?"

"ಫೋಟೋ ಹೊಡಿಯೋ ದಿನ," ಎಂದೆ.

ಸುಮಾ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ, "ಎಷ್ಟು ಮುಚ್ಚಲ್ರಿ ಆಪಾ?" ಎಂದು ಕೇಳಿದಳು. ಆಪಾ ಅಳತೆ ಹೇಳುವಷ್ಟರಲ್ಲಿ ಕಾಲ್ ಕಟ್ಟಾಯಿತು. ಮತ್ತೆ ಹಚ್ಚಿದರು, ಮತ್ತೆ ಕಟ್ಟಾಯಿತು. "ಇಲ್ಲಿ ಕುಂತು ಅಲ್ಲಿ ಗ್ವಾಡಿ ಕಟ್ಟಸಾಕ ಆಗಂಗಿಲ್ಲ ಬಿಡು" ಎಂದರು.

ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟರು. ಏರ್‌ಪೋರ್ಟಿಗೆ ಬಿಡಲು ಹೋದಾಗ ಫ್ರೀವೇಯುದ್ದಕ್ಕೂ ನನ್ನದು ಒಂದೇ ಗೋಳು: "ಆಪಾ, ಅಲ್ಲಿ ನಿಮ್ಮನ್ನ ಕೇಳಾವ್ರು ಯಾರದಾರ್ರೀ?"

"ಯಾರೂ ಇಲ್ಲ. ಮನಿ ಕಟ್ಟಾಕ ಉಸುಕು ಬಿದ್ದ ಕಡೆ ನಾನೇ ಹೋಗಿ ನಿಂದ್ರತೀನಿ."

ಈ ಬೇಸಿಗೆಯಲ್ಲಿ ಸುಮಾ ಫೋನ್ ಮಾಡಿದ್ದಳು. ಆಪಾ ಮುಂದೆ ನಿಂತು ಕಟ್ಟಿಸಿದ ಪಡುವಣ ಗೋಡೆಯಲ್ಲಿ ಈಗ ಸಣ್ಣ ಕಿಟಕಿ, ಮೇಲೆ ಅಗಲ ಸಜ್ಜಾ. ಮಕ್ಕಳು ಅಲ್ಲೇ ಮಲಗುತ್ತಾರಂತೆ. ಆಪಾ ಅಲ್ಲೇ ಇದ್ದರೆ ಫೋನ್ ಕೊಡು ಎಂದೆ.

"ಈಗ ಹ್ವಾದ್ರು. ಹಿಂದಿನ ಓಣ್ಯಾಗ ಯಾರೋ ಬುನಾದಿ ತೋಡ್ಯಾರಂತ. ಇಂಥಾ ಬಿಸಿಲಾಗ!"

ಕೊಡೆ ಒಯ್ದಿದ್ದಾರೆಯೇ ಎಂದು ಕೇಳಬೇಕಿತ್ತು. ಅಷ್ಟರಲ್ಲಿ ಕಾಲ್ ಕಟ್ಟಾಗಿತ್ತು.